ನೆಂಟಬಳ್ಳಿಯ ಗೈರುಹಾಜರಿ

ಒಂದು ಗಿಡ ಒಂದು ಜಾಗದಲ್ಲಿ ಇಲ್ಲ ಎಂದು ಸರ್ಕಾರ ಹೇಳಬೇಕಾದರೆ, ಮೊದಲು ಆ ಗಿಡವನ್ನು ಆ ಜಾಗಕ್ಕೆ ತೆಗೆದುಕೊಂಡು ಹೋಗಬೇಕು. ತೀರಸಸ್ಯ ನಿಯಂತ್ರಣ ಕಚೇರಿಯ ನಿಯಮಾವಳಿಯಲ್ಲಿ ಇದು ಸ್ಪಷ್ಟವಾಗಿದೆ. ಇದುವರೆಗೆ ಯಾರೂ ತಕರಾರು ಎತ್ತಿಲ್ಲ.

ಈ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಹಿಂದೆ ಒಬ್ಬ ಇನ್‌ಸ್ಪೆಕ್ಟರು ಬರೀ ನೆನಪಿನ ಮೇಲೆ ಕೆಲಸ ಮಾಡುತ್ತಿದ್ದರು. ಕನ್ನಡಕ ಮರೆತು ಬಂದ ಒಂದು ದಿನ, ಬೇಲಿಯ ಮೇಲೆ ಒಣಹಾಕಿದ್ದ ನೇರಳೆ ಬಣ್ಣದ ಲಂಗವೊಂದನ್ನು ಅವರು ಅನಧಿಕೃತ ತೀರಬಳ್ಳಿ ಎಂದು ಗುರುತಿಸಿ, ಅದಕ್ಕೆ ಎರಡು ಸಲ ಔಷಧಿ ಹೊಡೆಸಿದರು. ಲಂಗದ ಒಡತಿ ಕೋರ್ಟಿಗೆ ಹೋದಳು. ಅಂದಿನಿಂದ ನೆನಪು, ಚಿತ್ರ, ಫೋಟೋ, ಒಣಗಿದ ಎಲೆ ಇವು ಯಾವುವನ್ನೂ ಆಧಾರವಾಗಿ ಬಳಸತಕ್ಕದ್ದಲ್ಲ ಎಂದಾಯಿತು. ಪರಿಶೀಲನೆಗೆ ಹೋಗುವವರು ಬೇರು ಸಹಿತ, ಹೂಬಿಟ್ಟ, ಜೀವಂತ ಮಾದರಿಯನ್ನು ಕುಂಡದಲ್ಲಿ ಒಯ್ಯತಕ್ಕದ್ದು. ತೀರದಲ್ಲಿ ಕಂಡ ಒಂದೊಂದು ಗಿಡದ ಪಕ್ಕದಲ್ಲೂ ಮಾದರಿಯ ಒಂದು ತುಂಡನ್ನು ಮುರಿದಿಟ್ಟು ಹೋಲಿಸತಕ್ಕದ್ದು. ಹೋಲಿಸಿ ಆದ ತುಂಡನ್ನು ಅಲ್ಲಿಯೇ ಬಿಡತಕ್ಕದ್ದು; ಒಂದು ತೀರದ ತುಂಡು ಇನ್ನೊಂದು ತೀರಕ್ಕೆ ಹೋದರೆ ದಾಖಲೆ ಬೆರಕೆಯಾಗುತ್ತದೆ. ಇಷ್ಟೆಲ್ಲ ಆಗಿ ಯಾವ ಗಿಡವೂ ಹೋಲದಿದ್ದರೆ, ಆ ತೀರಕ್ಕೆ ಗೈರುಹಾಜರಿ ಪ್ರಮಾಣಪತ್ರ ಸಿಗುತ್ತದೆ.

ಅನಧಿಕೃತ ತೀರಬಳ್ಳಿ ಎಂಬುದು ಕಾಗದದ ಮೇಲಿನ ಹೆಸರು. ಜನ ಅದನ್ನು ನೆಂಟಬಳ್ಳಿ ಎನ್ನುತ್ತಾರೆ. ಯಾವಾಗ ಬಂತು ಎಂದು ಯಾರಿಗೂ ನೆನಪಿಲ್ಲ, ಹೊರಡುವ ಮಾತನ್ನು ಅದು ಎತ್ತುವುದಿಲ್ಲ. ಬೆರಳಿನಷ್ಟು ದಪ್ಪದ, ಹಿಂಡಿದರೆ ನೀರು ಸುರಿಯುವ ಎಲೆ. ಬಿಸಿಲೇರಿದಾಗ ಬಿಚ್ಚಿಕೊಂಡು ಮೋಡ ಬಂದರೆ ಮುಚ್ಚಿಕೊಳ್ಳುವ ನೇರಳೆ ಹೂ. ಜೇನುಹುಳ ಬಂದರೆ ಸಂತೋಷ, ಬರದಿದ್ದರೂ ಬೇಸರವಿಲ್ಲ. ತಾನೇ ಬೀಜ ಕಟ್ಟಿಕೊಳ್ಳುತ್ತದೆ. ಹಣ್ಣಿನೊಳಗೆ ಅಂಟು, ಅಂಟಿನೊಳಗೆ ಸಾಸಿವೆಗಿಂತ ಸಣ್ಣ ಬೀಜ ನೂರಾರು. ಇಲಿ ಅದನ್ನು ತಿಂದು ಇನ್ನೆಲ್ಲೋ ಹಿಕ್ಕೆ ಹಾಕಿದರೆ, ಇಲಿಯ ಹೊಟ್ಟೆ ಸುತ್ತಿ ಬಂದ ಬೀಜ ಇನ್ನೂ ಚುರುಕಾಗಿ ಮೊಳೆಯುತ್ತದೆ. ಇದೆಲ್ಲ ಅದಕ್ಕೆ ಬಿಡುವಿನ ವೇಳೆಯ ಕೆಲಸ. ಮುಖ್ಯ ಕಸುಬು ಮುರಿಯುವುದು. ಒಂದು ಗೆಣ್ಣು ಉಳಿದ ತುಂಡು ಮರಳ ಮೇಲೆ ಬಿದ್ದರೆ ಸಾಕು, ಬೇರು ಬಿಟ್ಟು ಕೂರುತ್ತದೆ. ಉಪ್ಪುನೀರು, ಬಿಸಿಲು, ತುಳಿತ ಯಾವುದಕ್ಕೂ ಅದು ಮುಖ ತಿರುಗಿಸುವುದಿಲ್ಲ. ಆಮೇಲೆ ಚಾಪೆಯಂತೆ ಹಾಸಿಕೊಂಡು, ಕೆಳಗಿದ್ದ ಹುಲ್ಲನ್ನೂ ಮರಳನ್ನೂ ಸದ್ದಿಲ್ಲದೆ ಮುಚ್ಚಿಬಿಡುತ್ತದೆ.

ಮಾದರಿ ಒಯ್ಯುವ ಕೆಲಸದವನಿಗೆ ಕಚೇರಿಯಲ್ಲಿ ಹೋಲಿಕೆಗಾರ ಎನ್ನುತ್ತಾರೆ. ನಮ್ಮ ಹೋಲಿಕೆಗಾರ ಸಸ್ಯಶಾಸ್ತ್ರ ಓದಿದವನು. ಓದಿದ್ದನ್ನು ಕಚೇರಿಯ ವೇಳೆಯಲ್ಲಿ ಬಳಸಬಾರದು ಎಂಬುದನ್ನು ಸೇರಿದ ವಾರದಲ್ಲೇ ಕಲಿತಿದ್ದ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಬೆಳಿಗ್ಗೆ ಕುಂಡಕ್ಕೆ ನೀರು ಹಾಕಿ, ಎಲೆಯ ಧೂಳು ಒರೆಸಿ, ಜೀಪಿನ ಮುಂದಿನ ಸೀಟಿನಲ್ಲಿ ಅದನ್ನು ಕೂರಿಸಿ, ತಾನು ಹಿಂದೆ ಹತ್ತುತ್ತಿದ್ದ.

"ನೀವು ಮುಂದೆ ಬನ್ನಿ ಸರ್, ಕುಂಡ ಹಿಂದೆ ಇರ್ಲಿ," ಎಂದು ಡ್ರೈವರ್ ಒಮ್ಮೆ ಹೇಳಿದ್ದ.

"ಹಿಂದೆ ಬಿಸಿಲಿಲ್ಲ. ಹೂ ಮುಚ್ಕೊಳ್ಳುತ್ತೆ. ಹೂ ಮುಚ್ಕೊಂಡ್ರೆ ಪರಿಶೀಲನೆ ಲೆಕ್ಕಕ್ಕಿಲ್ಲ."

"ಅಂದ್ರೆ ಅದು ನಿಮಗಿಂತ ಸೀನಿಯರು."

"ಹೌದು. ಅದರ ನೌಕರಿ ಖಾಯಂ. ನಂದು ಇನ್ನೂ ಆಗಿಲ್ಲ."

ಹೋಲಿಕೆಗಾರ ಪ್ರಮಾಣಪತ್ರ ಕೊಟ್ಟು ಬಂದ ತೀರಗಳಲ್ಲಿ, ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ, ನೆಂಟಬಳ್ಳಿ ಕಾಣಿಸಿಕೊಳ್ಳುತ್ತಿತ್ತು. ಕಚೇರಿ ಇದನ್ನು ಗಮನಿಸದೆ ಇರಲಿಲ್ಲ. ಉಪನಿರ್ದೇಶಕಿಯವರು ಒಂದು ಅಧ್ಯಯನ ಮಾಡಿಸಿದರು. ಗೋಡೆಯ ನಕಾಶೆಯ ಮೇಲೆ ಪ್ರಮಾಣಪತ್ರ ಪಡೆದ ತೀರಕ್ಕೆ ನೀಲಿ ಗುಂಡುಸೂಜಿ, ಬಳ್ಳಿ ಬಂದ ತೀರಕ್ಕೆ ಕೆಂಪು ಗುಂಡುಸೂಜಿ ಚುಚ್ಚಿದರು. ಕೆಂಪು ಸೂಜಿಗಳಿಗೆ ಹೊಸ ತೂತು ಮಾಡುವ ಅಗತ್ಯವೇ ಬೀಳಲಿಲ್ಲ. ಇದರಿಂದ ಒಂದು ವಿಷಯ ಸಾಬೀತಾಯಿತು: ಈ ಬಳ್ಳಿಗೆ ಸ್ವಚ್ಛತೆ ಎಂದರೆ ಪ್ರಾಣ; ಪ್ರಮಾಣಪತ್ರ ಪಡೆದ ತೀರಗಳನ್ನೇ ಅದು ಹುಡುಕಿಕೊಂಡು ಹೋಗುತ್ತದೆ. ಆದ್ದರಿಂದ ಸ್ವಚ್ಛ ತೀರಗಳೇ ಹೆಚ್ಚು ಅಪಾಯದಲ್ಲಿವೆ, ಅವುಗಳ ಪರಿಶೀಲನೆ ದುಪ್ಪಟ್ಟಾಗಬೇಕು ಎಂದು ತೀರ್ಮಾನವಾಯಿತು. ಪ್ರಯಾಣ ಭತ್ಯೆಯೂ ದುಪ್ಪಟ್ಟಾಯಿತು. ಅದು ತೀರ್ಮಾನದ ಉದ್ದೇಶವಲ್ಲ, ಪರಿಣಾಮ ಮಾತ್ರ ಎಂದು ಸಭೆಯ ನಡಾವಳಿಯಲ್ಲಿ ಬರೆದಿಟ್ಟರು. ಮಾದರಿ ಗಿಡ ಬೆಳೆಸಿಕೊಡುವ ಗುತ್ತಿಗೆ ದೊಡ್ಡ ಗುಮಾಸ್ತರ ಭಾವಮೈದುನರಿಗೆ ಸಿಕ್ಕಿತು. ಅದು ಮುಕ್ತ ಸ್ಪರ್ಧೆಯಲ್ಲಿ ಗೆದ್ದ ಗುತ್ತಿಗೆ. ಸ್ಪರ್ಧೆಯ ವಿಷಯ ಅವರೊಬ್ಬರಿಗೇ ಗೊತ್ತಿತ್ತು.

ಅದರ ಹಿಂದೆಯೇ ಒಂದು ಪ್ರಕಟಣೆ ಹೊರಟಿತು. "ಸಾರ್ವಜನಿಕರ ಗಮನಕ್ಕೆ. ಇನ್ನು ಮುಂದೆ ಗೈರುಹಾಜರಿ ಪ್ರಮಾಣಪತ್ರವಿಲ್ಲದ ಮರಳಿನ ಮೇಲೆ ಮೀನು, ಬಲೆ, ಬಟ್ಟೆ ಹಾಗೂ ಈಜಿ ಬಂದ ಮಕ್ಕಳನ್ನು ಒಣಗಿಸತಕ್ಕದ್ದಲ್ಲ. ಈಗಾಗಲೇ ಒಣಗಿರುವವುಗಳಿಗೆ ಇದು ಅನ್ವಯಿಸುವುದಿಲ್ಲ."

ಈ ಪ್ರಕಟಣೆ ಹೋಲಿಕೆಗಾರನ ಅಕ್ಕನ ಕಿವಿಗೆ ಬಿತ್ತು.

ಅಕ್ಕನದು ಒಣಮೀನಿನ ಕೆಲಸ. ಭಾವ ದೋಣಿಯಲ್ಲಿ ತಂದ ಸಣ್ಣ ಮೀನನ್ನು ತೊಳೆದು, ಉಪ್ಪು ಸವರಿ, ಮನೆಯ ಹಿಂದಿನ ಮರಳಿನ ಮೇಲೆ ಹಳೆ ಬಲೆ ಹಾಸಿ ಹರವುತ್ತಿದ್ದಳು. ಎರಡು ಬಂಡೆಗಳ ನಡುವಿನ ಸಣ್ಣ ತೀರ ಅದು. ಮರಳು ಹಸನಾಗಿ, ಬರಿದಾಗಿ, ಮಧ್ಯಾಹ್ನಕ್ಕೆ ಕಾಲಿಡಲಾಗದಷ್ಟು ಕಾಯುತ್ತಿತ್ತು. ಮೀನಿಗೆ ಮೇಲಿನಿಂದ ಬಿಸಿಲು, ಕೆಳಗಿನಿಂದ ಕಾವು. ಹಾಗೆ ಎರಡೂ ಕಡೆ ಒಣಗಿದ್ದರಿಂದಲೇ ಅಕ್ಕನ ಮೀನಿಗೆ ಪೇಟೆಯಲ್ಲಿ ಹೆಸರು. ಬಳ್ಳಿ ಹಾಸಿದ ತೀರದಲ್ಲಿ ಮೀನು ಒಣಗುವುದಿಲ್ಲ. ಎಲೆಯ ತಂಪಿಗೆ ಬೂಷ್ಟು ಹಿಡಿಯುತ್ತದೆ, ಹಣ್ಣಿಗೆಂದು ಬಂದ ಇಲಿ ಮೀನನ್ನೂ ನೋಡಿಕೊಂಡು ಹೋಗುತ್ತದೆ. ಕರಾವಳಿಯ ಉದ್ದಕ್ಕೂ ಒಣಮೀನಿನವರು ಒಬ್ಬೊಬ್ಬರಾಗಿ ಬೇರೆ ಕೆಲಸ ಹುಡುಕಿಕೊಂಡಿದ್ದರು. ಉಳಿದ ಬರಿ ಮರಳು ಅಕ್ಕನದೊಂದೇ.

"ಕಂಡೋರಿಗೆಲ್ಲ ಸರ್ಟಿಫಿಕೇಟ್ ಕೊಟ್ಟೆ. ಅಕ್ಕನ ಮರಳಿಗೆ ಬರೋಕೆ ಮಾತ್ರ ನಿಂಗೆ ಕಾಲು ನೋಯುತ್ತೆ," ಎಂದಳು ಅಕ್ಕ, ಊಟಕ್ಕೆ ಬಂದಿದ್ದ ತಮ್ಮನಿಗೆ. ಕೈತುಂಬ ಉಪ್ಪಿತ್ತು.

"ಬರ್ತೀನಿ ಅಕ್ಕ. ಸ್ವಲ್ಪ ತಡಿ."

"ನಾನು ತಡೀತೀನಿ. ಮೀನು ತಡೀಬೇಕಲ್ಲ."

ಹೋಲಿಕೆಗಾರ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದ. "ನಾನು ಬಂದ್ರೆ ಅದೂ ಬರುತ್ತೆ. ಇಲ್ಲಿತನಕ ನಾನು ಹೋದ ಕಡೆಯೆಲ್ಲ ಬಂದಿದೆ."

ಅಕ್ಕ ಉಪ್ಪು ಸವರುವುದನ್ನು ನಿಲ್ಲಿಸಿದಳು. "ಅಂದ್ರೆ ಇಷ್ಟು ದಿನ ಊರಿಂದೂರಿಗೆ ಹಂಚಿದ್ದು ನೀನಾ?"

"ನಾನಲ್ಲ, ಇಲಾಖೆ. ನಾನು ಕುಂಡ ಹಿಡ್ಕೊಂಡಿದ್ದೆ ಅಷ್ಟೆ."

"ಕುಂಡ ಮನೇಲಿ ಬಿಟ್ಟು ಬಾ."

"ಕುಂಡ ಇಲ್ದೆ ನಾನು ಬಂದ್ರೆ ತಮ್ಮ ಬಂದ ಹಾಗೆ. ಅಧಿಕಾರಿ ಬಂದ ಹಾಗಲ್ಲ."

"ತಮ್ಮನಾಗಿ ಬಂದಾಗ ಊಟ ಮಾಡಿ ಹೋಗೋದು ಬಿಟ್ಟು ಏನ್ ಕಡಿದು ಹಾಕಿದ್ದೀಯ. ನೋಡು, ಈ ಮರಳು ಹೋದ್ರೆ ನನ್ನ ಕೆಲಸ ಹೋಯ್ತು. ಸರ್ಟಿಫಿಕೇಟ್ ಇಲ್ದಿದ್ರೂ ಹೋಯ್ತು. ಯಾವುದೂ ಹೋಗದ ಹಾಗೆ ಮಾಡು. ಓದಿದೋನು ನೀನು."

ಹೋಲಿಕೆಗಾರ ಮರುದಿನ ಕಚೇರಿಗೆ ಹೋಗಿ, ಧೈರ್ಯ ಮಾಡಿ, ತಾನು ಓದಿದ್ದನ್ನು ಕಚೇರಿಯ ವೇಳೆಯಲ್ಲಿ ಬಳಸಿದ. ತುಂಡು ಹೇಗೆ ಬೇರು ಬಿಡುತ್ತದೆ, ಬೀಜ ಹೇಗೆ ಹೋಗುತ್ತದೆ ಎಂದು ಉಪನಿರ್ದೇಶಕಿಯವರಿಗೆ ಬಿಡಿಸಿ ಹೇಳಿದ. ದೊಡ್ಡ ಗುಮಾಸ್ತರು ಪಕ್ಕದಲ್ಲಿ ನಿಂತು ಕೇಳಿಸಿಕೊಂಡರು. ಉಪನಿರ್ದೇಶಕಿಯವರು ತಾಳ್ಮೆಯ ಹೆಂಗಸು.

"ನೀವು ಹೇಳೋದು, ಬಳ್ಳಿ ನಮ್ಮ ಜೀಪಲ್ಲಿ ಓಡಾಡ್ತಿದೆ ಅಂತ."

"ಹೌದು ಮೇಡಂ."

"ಇಲಾಖೆಯ ವಾಹನದಲ್ಲಿ ಅನಧಿಕೃತರು ಕೂರೋ ಹಾಗಿಲ್ಲ. ಯಾರಾದ್ರೂ ಕೂತಿದ್ದು ನೋಡಿದ್ದೀರಾ?"

"ಮುಂದಿನ ಸೀಟಲ್ಲೇ ಕೂತಿರುತ್ತೆ ಮೇಡಂ."

"ಅದು ಮಾದರಿ. ನಾನು ಕೇಳಿದ್ದು ಬಳ್ಳಿ."

"ಎರಡೂ ಒಂದೇ, ಮೇಡಂ."

ದೊಡ್ಡ ಗುಮಾಸ್ತರು ಗಂಟಲು ಸರಿಮಾಡಿಕೊಂಡರು. "ಒಂದೇ ಹೇಗಾಗುತ್ತಪ್ಪ? ಬಳ್ಳಿಯನ್ನ ನಾಶ ಮಾಡೋದು ನಮ್ಮ ಕರ್ತವ್ಯ. ಮಾದರಿಯನ್ನ ಕಾಪಾಡೋದು ನಮ್ಮ ಕರ್ತವ್ಯ. ಎರಡೂ ಒಂದೇ ಆಗಿದ್ರೆ ನಾವು ಇಷ್ಟು ದಿನ ಏನು ಮಾಡ್ತಿದ್ವಿ?"

ಇದಕ್ಕೆ ಹೋಲಿಕೆಗಾರನ ಬಳಿ ಉತ್ತರವಿತ್ತು. ನೌಕರಿ ಖಾಯಂ ಆಗಿಲ್ಲದ್ದರಿಂದ ಅದನ್ನು ಹೇಳಲಿಲ್ಲ. ವಾರವಿಡೀ ನಿಯಮಾವಳಿ ಓದಿದ. ಕೊನೆಗೆ ಒಂದು ವಾಕ್ಯ ಕಣ್ಣಿಗೆ ಬಿತ್ತು: "ತೀರವೆಂದರೆ ನೆಲವೂ ನೀರೂ ಕೂಡುವ ಸ್ಥಳ." ಮಾದರಿಯನ್ನು ತೀರಕ್ಕೆ ಒಯ್ಯಬೇಕು ಎಂದಿತ್ತೇ ಹೊರತು ಯಾವ ಕಡೆಯಿಂದ ಎಂದಿರಲಿಲ್ಲ.

ಹಾಗಾಗಿ ಅಕ್ಕನ ತೀರದ ಪರಿಶೀಲನೆ ಸಮುದ್ರದ ಕಡೆಯಿಂದ ನಡೆಯಿತು. ದೊಡ್ಡ ಗುಮಾಸ್ತರು ಸಾಕ್ಷಿಯಾಗಿ ಬಂದರು. ದೋಣಿ ಪ್ರಯಾಣಕ್ಕೆ ಭತ್ಯೆಯ ದರ ಜೀಪಿಗಿಂತ ಮೇಲು. ಭಾವ ಹುಟ್ಟು ಹಾಕಿದ. ಹೋಲಿಕೆಗಾರ ಕುಂಡವನ್ನು ಎದೆಗವಚಿಕೊಂಡು ಮಧ್ಯದಲ್ಲಿ ಕೂತ. ಅಲೆ ಒಡೆಯುವ ಜಾಗಕ್ಕೆ ಮುಂಚೆಯೇ ದೋಣಿ ನಿಂತಿತು. ದಡದಲ್ಲಿ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತೀರದ ಅಂಚಿನಲ್ಲಿ ಬೆಳೆದಿದ್ದ ಗಿಡಗಳ ಹತ್ತಿರ ಒಂದೊಂದಾಗಿ ಹೋಗಿ ಬಗ್ಗಿ ತೋರಿಸಿದಳು.

"ಇದು?"

ಹೋಲಿಕೆಗಾರ ಕುಂಡದಿಂದ ಒಂದು ತುಂಡು ಮುರಿದು, ಕೈ ಚಾಚಿ, ಒಂದು ಕಣ್ಣು ಮುಚ್ಚಿ, ದಡದ ಹುಲ್ಲಿನ ಪಕ್ಕಕ್ಕೆ ಕಾಣುವಂತೆ ಹಿಡಿದ. "ಅಲ್ಲ."

"ಈ ಮುಳ್ಳಿಂದು?"

"ಅಲ್ಲ."

"ಇದು ನಾನೇ ಹಾಕಿದ ಕುಂಬಳ. ಇದನ್ನೂ ನೋಡ್ತೀಯಾ?"

"ನೋಡ್ಬೇಕು ಅಕ್ಕ. ಅಲ್ಲ."

ದೊಡ್ಡ ಗುಮಾಸ್ತರು ದೋಣಿಯ ಅಂಚಿಗೆ ಬಾಗಿ ಬೆಳಗಿನ ತಿಂಡಿಯನ್ನು ಸಮುದ್ರಕ್ಕೆ ಒಪ್ಪಿಸುತ್ತಾ, ಕೈಸನ್ನೆಯಲ್ಲಿಯೇ ಎಲ್ಲಕ್ಕೂ ಸಾಕ್ಷಿಯಾದರು. ಹೋಲಿಸಿ ಆದ ತುಂಡುಗಳನ್ನು ಹೋಲಿಸಿದ ಜಾಗದಲ್ಲೇ, ಅಂದರೆ ದೋಣಿಯಲ್ಲೇ, ಬಿಟ್ಟರು.

"ದೋಣಿ ಚಿಗುರೀತು," ಎಂದ ಭಾವ. ಅವನು ಅವತ್ತು ಆಡಿದ ಮಾತು ಅದೊಂದೇ. ಸಂಜೆ ಅಕ್ಕ ಆ ತುಂಡುಗಳನ್ನೆಲ್ಲ ಒಲೆಗೆ ಹಾಕಿದಳು. ಹೋಲಿಕೆಗಾರ ಅದನ್ನು ನೋಡದಂತೆ ಬೆನ್ನು ತಿರುಗಿಸಿ ಕೂತು, ತಮ್ಮನಾಗಿ ಊಟ ಮಾಡಿದ.

ಪ್ರಮಾಣಪತ್ರ ಬಂತು. ಮಳೆಗಾಲ ಬಂತು, ಹೋಯಿತು. ಅಕ್ಕನ ಮರಳು ಬರಿದಾಗಿಯೇ ಉಳಿಯಿತು. ಮೀನು ಎರಡೂ ಕಡೆ ಒಣಗಿತು. ಇನ್ನೊಂದು ಮಳೆಗಾಲವೂ ಹಾಗೆಯೇ ಹೋಯಿತು. ನಕಾಶೆಯ ಮೇಲೆ ಒಂದೇ ಒಂದು ನೀಲಿ ಸೂಜಿ ಜೊತೆಯಿಲ್ಲದೆ ನಿಂತಿತು.

ಉಪನಿರ್ದೇಶಕಿಯವರು ಹೋಲಿಕೆಗಾರನನ್ನು ಕರೆಸಿದರು. "ಆ ಬಂಡೆಗಳ ನಡುವಿನ ತೀರಕ್ಕೆ ಬಳ್ಳಿ ಇನ್ನೂ ಬಂದಿಲ್ವಲ್ಲ."

"ಇಲ್ಲ ಮೇಡಂ."

"ಯಾಕೆ?"

ಹೋಲಿಕೆಗಾರ ಯೋಚಿಸಿದ. "ಅದೃಷ್ಟ ಇರ್ಬೇಕು ಮೇಡಂ."

"ಪ್ರಮಾಣಪತ್ರ ಕೊಟ್ಟ ತೀರಕ್ಕೆಲ್ಲ ಬಳ್ಳಿ ಬರುತ್ತೆ. ಅದು ನಮ್ಮ ಅಧ್ಯಯನದಲ್ಲೇ ಇದೆ. ಅಲ್ಲಿಗೆ ಬಂದಿಲ್ಲ ಅಂದ್ರೆ, ಒಂದೋ ಅಧ್ಯಯನ ತಪ್ಪು, ಇಲ್ಲಾ ಪ್ರಮಾಣಪತ್ರ ತಪ್ಪು. ಅಧ್ಯಯನಕ್ಕೆ ಮುನ್ನುಡಿ ಬರೆದಿರೋದು ನಾನು."

ಪ್ರಮಾಣಪತ್ರ ತಪ್ಪು ಎಂಬುದು ಹೀಗೆ ಸರಳವಾಗಿ ಗೊತ್ತಾಯಿತು. ಬಳ್ಳಿಯ ಗೈರುಹಾಜರಿ ಅನುಮಾನಾಸ್ಪದವಾಗಿದೆ, ಸಮಗ್ರ ಮರುಪರಿಶೀಲನೆ ಆಗಬೇಕು, ಈ ಸಲ ನೆಲದ ಕಡೆಯಿಂದ, ಎಲ್ಲ ವಲಯಗಳ ಹೋಲಿಕೆಗಾರರೂ ತಮ್ಮ ತಮ್ಮ ಮಾದರಿಗಳೊಂದಿಗೆ ಹಾಜರಿರಬೇಕು ಎಂದು ಆದೇಶ ಹೊರಟಿತು. ಹೆಚ್ಚಿಗೆ ಬೇಕಾಗಬಹುದಾದ ಮಾದರಿಗಳನ್ನು ದೊಡ್ಡ ಗುಮಾಸ್ತರ ಭಾವಮೈದುನರು ಲಾರಿಯಲ್ಲಿ ತಂದಿಳಿಸಿದರು.

ಅಂದು ಬಿಸಿಲು ಚೆನ್ನಾಗಿತ್ತು. ಅಕ್ಕ ಹಾಸಿದ್ದ ಬಲೆಯನ್ನು ಸುತ್ತಿಟ್ಟು ಮೂಲೆಯಲ್ಲಿ ನಿಂತಳು. ಕುಂಡಗಳು ಮರಳಿನ ಮೇಲೆ ಸಭೆಯ ಮುಂದಿನ ಸಾಲಿನಂತೆ ಕೂತು, ಎಲ್ಲ ಹೂಗಳನ್ನೂ ಅರಳಿಸಿದವು. ಹಣ್ಣಾದದ್ದು ಉದುರಿತು. ಹೋಲಿಕೆಗಾರರು ಸಾಲಾಗಿ ನಡೆದು, ಮುರಿದು, ಬಗ್ಗಿ, ಹೋಲಿಸಿ, ಬಿಟ್ಟು ಮುಂದೆ ಹೋದರು. ಗಿಡಗಳಿಗಿಂತ ಹೋಲಿಕೆಗಾರರು ಹೆಚ್ಚಿದ್ದರಿಂದ, ಒಂದೇ ಹುಲ್ಲನ್ನು ಹಲವರು ಸರದಿಯಲ್ಲಿ ನಿಂತು ಹೋಲಿಸಬೇಕಾಯಿತು. ಕುಂಬಳದ ಬಳ್ಳಿಯ ಸುತ್ತ ತುಂಡುಗಳ ಒಂದು ಸಣ್ಣ ದಿಬ್ಬವೇ ಆಯಿತು.

ನಮ್ಮ ಹೋಲಿಕೆಗಾರ ಸಾಲಿನ ಕೊನೆಯಲ್ಲಿದ್ದ. ಮುಂದಿನವರು ಬಿಟ್ಟುಹೋದ ತುಂಡುಗಳನ್ನು ಬಗ್ಗಿದಾಗಲೆಲ್ಲ ಎತ್ತಿ ಪ್ಯಾಂಟಿನ ಜೇಬಿಗೆ ಹಾಕಿಕೊಳ್ಳುತ್ತಾ ಬಂದ. ಎಡ ಜೇಬು ತುಂಬಿತು. ಬಲ ಜೇಬು ತುಂಬಿತು. ಅಕ್ಕ ದೂರದಿಂದ ನೋಡುತ್ತಿದ್ದಳು. ಅಂಗಿಯ ಜೇಬಿಗೆ ಕೈ ಹಾಕುವಷ್ಟರಲ್ಲಿ ಉಪನಿರ್ದೇಶಕಿಯವರು ಅವನ ಮುಂದೆ ನಿಂತಿದ್ದರು.

"ನಿಮ್ಮ ಪ್ಯಾಂಟು ಒದ್ದೆಯಾಗಿದೆ."

"ಹೌದು ಮೇಡಂ."

"ಎರಡೂ ಕಡೆ."

ನೆಂಟಬಳ್ಳಿಯ ಎಲೆಯಲ್ಲಿ ನೀರು ಹೆಚ್ಚು ಎಂಬುದನ್ನು ಓದಿದವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಜೇಬುಗಳನ್ನು ಎಲ್ಲರ ಮುಂದೆ ಹೊರಗೆಳೆದರು. ಇದು ಮಾದರಿ ಕಳವು ಎಂದು ದೊಡ್ಡ ಗುಮಾಸ್ತರು ಸ್ಥಳದಲ್ಲೇ ಹೆಸರಿಟ್ಟರು. ವಿಚಾರಣೆ ಆಗುವ ತನಕ ಆ ತುಂಡುಗಳು ಸಾಕ್ಷ್ಯ. ಸಾಕ್ಷ್ಯ ಸಿಕ್ಕಿದ ಜಾಗದಲ್ಲೇ ಇರಬೇಕು. ಆದ್ದರಿಂದ ಎತ್ತಿದವನೇ ಅವನ್ನು ಎತ್ತಿದ ಜಾಗದಲ್ಲಿ ವಾಪಸು ಇಡತಕ್ಕದ್ದು. ಗಾಳಿಗೆ ಹಾರದಂತೆ ಅರ್ಧ ಬೆರಳಿನಷ್ಟು ಮರಳಿನೊಳಗೆ ಒತ್ತತಕ್ಕದ್ದು. ವಿಚಾರಣೆಯ ಹೊತ್ತಿಗೆ ಬಾಡಿದರೆ ಸಾಕ್ಷ್ಯನಾಶದ ಮೊಕದ್ದಮೆಯೂ ಸೇರುವುದರಿಂದ, ದಿನವೂ ನೀರು ಹಾಕತಕ್ಕದ್ದು. ಅಷ್ಟು ದಿನ ಅವನು ಬೇರೆ ಕೆಲಸ ಮಾಡತಕ್ಕದ್ದಲ್ಲ, ಸಂಬಳ ಬರುತ್ತದೆ.

ಹೋಲಿಕೆಗಾರ ಮೊಣಕಾಲೂರಿ, ಒಂದೊಂದೇ ತುಂಡನ್ನು ಅಕ್ಕನ ಮರಳಿಗೆ ಒತ್ತಿದ. ಅಚ್ಚುಕಟ್ಟಿನ ಕೈ ಅವನದು. ಬೇಡವೆಂದರೂ ಸಾಲು ನೇರವಾಗಿ ಬಂತು.

ಮರುದಿನ ಬೆಳಿಗ್ಗೆ ಅಕ್ಕ ಹೊರಗೆ ಬಂದಾಗ ಅವನು ಅವಳದೇ ಬಿಂದಿಗೆ ಹಿಡಿದು ಓಡಾಡುತ್ತಿದ್ದ.

"ಏನ್ ಮಾಡ್ತಿದ್ದೀಯೋ?"

"ಸಾಕ್ಷಿಗೆ ನೀರು ಹಾಕ್ತಿದ್ದೀನಿ."

ಅಕ್ಕ ಬಗ್ಗಿ ಒಂದು ತುಂಡನ್ನು ಮುಟ್ಟಿ ನೋಡಿದಳು. "ಒಂದು ಕಿತ್ತು ಬಿಸಾಕಿದ್ರೆ?"

"ನಿನಗೆ ಆರು ತಿಂಗಳು ಜೈಲು. ನನ್ನ ನೌಕರಿ ಅವತ್ತೇ ಹೋಗುತ್ತೆ. ಮತ್ತೆ ಕಿತ್ತಿದ್ದನ್ನ ವಾಪಸ್ ನೆಡಬೇಕು."

"ಮೇಲೆ ಬಿಸಿನೀರು ಚೆಲ್ಲಿದ್ರೆ?"

"ಕಚೇರೀಲಿ ಕೇಳಿದೆ. ಅದಕ್ಕೂ ಒಂದು ಸೆಕ್ಷನ್ ಇದೆ."

"ಚಿಕ್ಕವನಿದ್ದಾಗ ಮನೆ ಮುಂದಿನ ಗುಲಾಬಿಗೆ ನೀರು ಹಾಕು ಅಂದ್ರೆ ಹಾಕ್ತಿರ್ಲಿಲ್ಲ. ಒಣಗಿಸಿದೆ ಅದನ್ನ," ಎಂದು ಅಕ್ಕ ಒಳಗೆ ಹೋದಳು.

ವಿಚಾರಣೆ ಬೇಗ ಮುಗಿಯುವ ಜಾತಿಯದಾಗಿರಲಿಲ್ಲ. ವಿಚಾರಣಾಧಿಕಾರಿಯವರು ರಜೆ ಹೋದರು, ಬಂದರು, ವರ್ಗವಾದರು; ಅವರ ಜಾಗಕ್ಕೆ ಬಂದವರು ಮೊದಲಿನಿಂದ ಓದತೊಡಗಿದರು. ಅಷ್ಟರಲ್ಲಿ ಸಾಕ್ಷ್ಯ ಬೇರು ಬಿಟ್ಟಿತು. ಎರಡನೆಯ ಎಲೆಜೋಡಿ ಬಂತು, ಗೆಣ್ಣು ಗೆಣ್ಣಿನಲ್ಲೂ ಕವಲೊಡೆಯಿತು, ಕವಲುಗಳು ಒಂದರ ಮೈಮೇಲೆ ಒಂದು ಹರಿದವು. ಅಕ್ಕ ವಾರಕ್ಕೊಮ್ಮೆ ಬಲೆಯನ್ನು ಇನ್ನೊಂದು ಮಡಿಕೆ ಮಡಿಸಿ ಹಾಸುತ್ತಿದ್ದಳು. ಕೊನೆಗೆ ಅದು ಚೌಕದ ಕರವಸ್ತ್ರದಷ್ಟಾದಾಗ ಮಡಿಸುವುದನ್ನು ಬಿಟ್ಟು ಎತ್ತಿಟ್ಟಳು. ಮೊದಲ ಇಲಿ ಬಂದದ್ದು ಆ ವಾರವೇ. ಹೋಲಿಕೆಗಾರನಿಗೆ ಊಟ ಸೇರುತ್ತಿರಲಿಲ್ಲ. ತಟ್ಟೆಯಲ್ಲಿ ಅಕ್ಕ ಹಾಕುತ್ತಿದ್ದ ಒಣಮೀನು ಈಗ ಪೇಟೆಯಿಂದ ತಂದದ್ದು. ಬೆಳಗಾದರೆ ಎದ್ದು ನೀರು ಹಾಕಲು ಹೋಗುತ್ತಿದ್ದ.

ನೇರಳೆ ಹೂ ತೀರದ ತುಂಬ ಅರಳಿ ನಿಂತ ಒಂದು ಮಧ್ಯಾಹ್ನ ವಿಚಾರಣಾಧಿಕಾರಿಯವರು ಸ್ಥಳಕ್ಕೆ ಬಂದು ಸಾಕ್ಷ್ಯವನ್ನು ಎಣಿಸಲು ಕೂತರು. ಸಂಜೆಯಾದರೂ ಮುಗಿಯಲಿಲ್ಲ. ಅವರ ತೀರ್ಪು ಚಿಕ್ಕದು, ಸ್ಪಷ್ಟವಾದದ್ದು. "ಕಳವಾಗಿದೆ ಎಂದು ಹೇಳಲಾದ ತುಂಡುಗಳಿಗಿಂತ ಬಹಳ ಹೆಚ್ಚಿನ ತುಂಡುಗಳು ಸ್ಥಳದಲ್ಲಿ ಇವೆ. ವಸ್ತು ಹೆಚ್ಚಾಗಿರುವಲ್ಲಿ ಕಳವು ನಡೆದಿದೆ ಎನ್ನಲಾಗದು. ಆಪಾದಿತನು ಇಲಾಖೆಯ ಸ್ವತ್ತನ್ನು ವೃದ್ಧಿಸಿದ್ದಾನೆ." ಹೋಲಿಕೆಗಾರನ ನೌಕರಿ ಖಾಯಮಾಯಿತು. ಹಿರಿಯ ಹೋಲಿಕೆಗಾರ ಎಂದು ಬಡ್ತಿ ಸಿಕ್ಕಿತು. ಇನ್ನು ಮುಂದೆ ಎರಡು ಕುಂಡ.

ಅಕ್ಕನ ತೀರದ ವಿಷಯವೂ ಅಷ್ಟೇ ಸುಸೂತ್ರವಾಗಿ ಇತ್ಯರ್ಥವಾಯಿತು. ಅಲ್ಲಿ ಹಾಸಿರುವುದು ಕಚೇರಿಯ ಕುಂಡಗಳಿಂದ ಬಂದದ್ದು, ಆದ್ದರಿಂದ ಮಾದರಿ. ಮಾದರಿಯನ್ನು ಬಿಟ್ಟು ನೋಡಿದರೆ ಬಳ್ಳಿ ಎಂಬುದು ಅಲ್ಲಿ ಒಂದೂ ಇಲ್ಲ. ಗೈರುಹಾಜರಿ ಪ್ರಮಾಣಪತ್ರ ಊರ್ಜಿತ. ನಕಾಶೆಯ ಮೇಲೆ ನೀಲಿ ಸೂಜಿಯ ಪಕ್ಕಕ್ಕೆ ಕೆಂಪು ಸೂಜಿಯೂ ಬಂದು, ಅಧ್ಯಯನವೂ ಊರ್ಜಿತ. ಈ ತರ್ಕ ಎಷ್ಟು ಹಿಡಿಸಿತೆಂದರೆ, ಕಚೇರಿ ಇದನ್ನು ಇಡೀ ಕರಾವಳಿಗೆ ಅನ್ವಯಿಸಿ, ನೆಂಟಬಳ್ಳಿಯ ನಿರ್ಮೂಲನೆ ಪೂರ್ಣಗೊಂಡಿದೆ ಎಂದು ಘೋಷಿಸಿತು. ಜೀಪಿಗೆ ಹೊಸ ಟಯರು ಬಂದವು. ಮೀನು ಒಣಗಿಸುವ ಪರವಾನಗಿಯನ್ನು ಹಿರಿಯ ಹೋಲಿಕೆಗಾರನೇ ಅಕ್ಕನ ಕೈಗೆ ತಂದುಕೊಟ್ಟ.

ಅಕ್ಕ ಅದನ್ನು ಎರಡು ಸಲ ಓದಿಸಿದಳು. "ಅಂದ್ರೆ ನನ್ನ ಮರಳ ಮೇಲೆ ಬಿದ್ದಿರೋದು ನಿಮ್ಮ ಸಾಮಾನು."

"ಹೌದು."

"ಮುಟ್ಟೋ ಹಾಗಿಲ್ಲ."

"ಇಲ್ಲ."

"ಸರಿ," ಎಂದಳು ಅಕ್ಕ.

ಮರುದಿನ ಕಚೇರಿ ತೆರೆಯುವ ಹೊತ್ತಿಗೆ ಭಾವನೂ ಅವಳೂ ನಾಲ್ಕು ಬುಟ್ಟಿ ಮೀನು ಇಳಿಸಿ, ತೀರಸಸ್ಯ ನಿಯಂತ್ರಣ ಕಚೇರಿಯ ಅಂಗಳದಲ್ಲಿ ಬಲೆ ಹಾಸಿದ್ದರು. ಅಗಲವಾದ ಸಿಮೆಂಟಿನ ಅಂಗಳ; ಒಂದು ಹುಲ್ಲುಕಡ್ಡಿಯೂ ಇಲ್ಲ, ಬೆಳಗಿನಿಂದಲೇ ಕಾಯುತ್ತದೆ. ದೊಡ್ಡ ಗುಮಾಸ್ತರು ಮೂಗಿಗೆ ಕರವಸ್ತ್ರ ಹಿಡಿದು ಮೆಟ್ಟಿಲ ಮೇಲೆ ನಿಂತರು.

"ಏನಮ್ಮ ಇದು? ಇದು ಸರ್ಕಾರಿ ಜಾಗ."

"ನಿಮ್ಮ ಸಾಮಾನು ನನ್ನ ಜಾಗದಲ್ಲಿದೆ. ನಾನು ಏನಾದ್ರೂ ಅಂದ್ನಾ?" ಎಂದಳು ಅಕ್ಕ, ಮೀನು ಹರವುತ್ತಾ. "ನನ್ನ ಸಾಮಾನು ನಿಮ್ಮ ಜಾಗದಲ್ಲಿರ್ಲಿ. ನೀವು ನಿಮ್ಮದನ್ನ ತೆಗೆದ ದಿನ ನಾನು ನನ್ನದನ್ನ ತೆಗೀತೀನಿ."

ಒಳಗೆ ಸಭೆ ಸೇರಿತು. ಕಚೇರಿಯ ಅಂಗಳದಲ್ಲಿ ಮೀನು ಒಣಗಿಸಬಾರದು ಎಂಬ ನಿಯಮ ಎಲ್ಲಿಯೂ ಸಿಗಲಿಲ್ಲ; ಅದನ್ನು ಬರೆಯಬೇಕೆಂದು ಇದುವರೆಗೆ ಯಾರಿಗೂ ಹೊಳೆದಿರಲಿಲ್ಲ. ಮಾದರಿಯನ್ನು ತೆರವು ಮಾಡುವ ನಿಯಮವಂತೂ ಇರಲೇ ಇಲ್ಲ. ಅವಳ ಮಾತಿನಲ್ಲಿ ತಪ್ಪು ಹುಡುಕಲು ಹೋದಾಗ, ಅದು ತಮ್ಮ ಮಾತಿನಂತೆಯೇ ಇರುವುದನ್ನು ಕಂಡು ಉಪನಿರ್ದೇಶಕಿಯವರಿಗೆ ಗೌರವ ಮೂಡಿತು. ಸ್ಥಳ ವಿನಿಮಯ ಎಂಬ ಶೀರ್ಷಿಕೆಯಲ್ಲಿ ಒಪ್ಪಿಗೆ ಕೊಟ್ಟರು. ಒಂದೇ ಷರತ್ತು: ಅಂಗಳಕ್ಕೂ ಗೈರುಹಾಜರಿ ಪ್ರಮಾಣಪತ್ರ ಬೇಕು, ಪ್ರತಿದಿನ ಬೆಳಿಗ್ಗೆ.

ಈಗ ಆ ಕಚೇರಿಗೆ ಹೋದವರು ಕಿಟಕಿಯವರೆಗೆ ಮೀನು ತುಳಿಯದಂತೆ ಅಂಚಿನಲ್ಲಿ ನಡೆದು ಹೋಗುತ್ತಾರೆ. ನೌಕರರು ಸಂಜೆ ಮನೆಗೆ ಒಂದೊಂದು ಪೊಟ್ಟಣ ಒಯ್ಯುತ್ತಾರೆ. ವಾಸನೆಯ ಬಗ್ಗೆ ಮೊದಲು ಗೊಣಗಿದ್ದ ದೊಡ್ಡ ಗುಮಾಸ್ತರು ಈಗ ಮೋಡ ಕವಿದರೆ ಕಡತ ಬಿಟ್ಟು ಎದ್ದು ಬಂದು, ಬಲೆಯ ಒಂದು ತುದಿ ಹಿಡಿದು ಸುತ್ತಿಕೊಡುತ್ತಾರೆ. ಹಿರಿಯ ಹೋಲಿಕೆಗಾರ ಬೆಳಿಗ್ಗೆ ಎರಡೂ ಕಂಕುಳಲ್ಲಿ ಒಂದೊಂದು ಕುಂಡ ಹಿಡಿದು ವರಾಂಡದಿಂದ ಇಳಿದು, ಅಂಗಳದ ಉದ್ದಕ್ಕೂ ನಡೆದು, ಸಿಮೆಂಟಿನ ಬಿರುಕೊಂದು ಕಂಡಲ್ಲಿ ಬಗ್ಗಿ, ಒಂದು ತುಂಡು ಮುರಿದಿಟ್ಟು, ಬಹಳ ಹೊತ್ತು ನೋಡುತ್ತಾನೆ.

"ನೋಡಿದ್ದು ಸಾಕು, ಕುಂಡ ಆಚೆ ಹಿಡಿ," ಎನ್ನುತ್ತಾಳೆ ಅಕ್ಕ. "ಮೀನಿನ ಮೇಲೆ ನೆರಳು ಬೀಳ್ತಿದೆ."